ಬ್ರಿಟಿಷ್ ಪೊಲೀಸ್ ಧಾರಾವಾಹಿ ನೋಡುವವರಿಗೆ ಒಂದು ದಾರಿ: ಡಿಕ್ಸನ್‌ನಿಂದ ಬ್ಲೂ ಲೈಟ್ಸ್‌ವರೆಗೆ

ನಮ್ಮಲ್ಲಿ ಹೆಚ್ಚಿನವರು ಬ್ರಿಟಿಷ್ ಪೊಲೀಸ್ ಧಾರಾವಾಹಿಗಳನ್ನು ಕೊನೆಯ ತುದಿಯಿಂದ ನೋಡಲು ಶುರು ಮಾಡಿದವರು. ಯಾರೋ ಸ್ನೇಹಿತರು ‘ಲೈನ್ ಆಫ್ ಡ್ಯೂಟಿ’ ನೋಡು ಅಂದಿರುತ್ತಾರೆ. ಇಲ್ಲವೇ ಅಜಯ್ ದೇವಗನ್ ಅವರ ‘ರುದ್ರ’ ನೋಡಿ, ಅದರ ಮೂಲ ‘ಲೂಥರ್’ ಅಂತ ಗೊತ್ತಾಗಿ, ಅಲ್ಲಿಂದ ಒಂದೊಂದೇ ಹುಡುಕಿಕೊಂಡು ಹೋಗಿರುತ್ತೇವೆ. ಕೊಲೆ ಮಾಡಿದ್ದು ಯಾರು ಅಂತ ತಿಳಿದ ಕೂಡಲೇ ಟಿವಿ ಆಫ್ ಮಾಡಿ ಮಲಗುತ್ತೇವೆ.

ಹಾಗೆ ನೋಡಿದರೂ ಖುಷಿ ಇದೆ. ಆದರೆ ಅರ್ಧದಷ್ಟು ಕೈತಪ್ಪಿ ಹೋಗುತ್ತದೆ. ಬ್ರಿಟನ್‌ನ ಜನ ಸುಮಾರು 70 ವರ್ಷಗಳಿಂದ ಮನೆಯಲ್ಲಿ ಟಿವಿ ಮುಂದೆ ಕೂತು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಥೆಗಳ ಮೂಲಕ ಕೇಳಿಕೊಂಡು ಬಂದಿದ್ದಾರೆ: ಈ ಪೊಲೀಸರನ್ನು ನಂಬಬಹುದಾ? 1955ರ ಉತ್ತರ ಬೇರೆ, 1975ರದು ಬೇರೆ, 2023ರದು ಇನ್ನೂ ಬೇರೆ. ಈ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ದೇಶ ತನ್ನ ಬಗ್ಗೆ ತಾನೇ ಏನೇನು ಒಪ್ಪಿಕೊಂಡಿತು, ಯಾವಾಗ ಒಪ್ಪಿಕೊಂಡಿತು ಅನ್ನುವುದು ಕಾಣುತ್ತದೆ.

ಆ ಸಾಲನ್ನು ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಬಿಡಬಹುದು, ನೋಡುವಾಗ ಏನನ್ನು ಗಮನಿಸಬೇಕು ಅಂತ ಹೇಳುವುದಕ್ಕೆ ಈ ಲೇಖನ. ಎಲ್ಲ ಸೀಸನ್ ಮುಗಿಸಬೇಕಾಗಿಲ್ಲ. ವಾರಕ್ಕೆ ಒಂದು ಸಂಜೆ ಇಟ್ಟುಕೊಂಡರೆ ಸಾಕು.

ಮೊದಲ ಹೆಜ್ಜೆ: ಅಲ್ಲಿನ ಠಾಣೆಯ ರೀತಿನೀತಿ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದರೆ ಎಷ್ಟೋ ದೃಶ್ಯಗಳ ಬಿಸಿ ನಿಮಗೆ ತಟ್ಟುವುದೇ ಇಲ್ಲ.

ಬ್ರಿಟನ್‌ನ ಸಾಮಾನ್ಯ ಪೊಲೀಸರ ಬಳಿ ಬಂದೂಕು ಇರುವುದಿಲ್ಲ. ಉತ್ತರ ಐರ್ಲೆಂಡ್ ಮಾತ್ರ ಇದಕ್ಕೆ ಹೊರತು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್‌ನಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಕಟ್ಟಿದಾಗ ಅದು ಸೈನ್ಯದ ಹಾಗೆ ಕಾಣಬಾರದು ಅನ್ನುವ ಎಚ್ಚರ ಇತ್ತು. ಅದಕ್ಕೇ ನೀಲಿ ಸಮವಸ್ತ್ರ, ಕೈಗೆ ಒಂದು ಮರದ ದೊಣ್ಣೆ. ಜನರ ಒಪ್ಪಿಗೆ ಇದ್ದರೆ ಮಾತ್ರ ಪೊಲೀಸ್ ಕೆಲಸ ನಡೆಯುತ್ತದೆ ಅನ್ನುವ ಮಾತನ್ನು ಅಲ್ಲಿ ಇವತ್ತಿಗೂ ಆಡುತ್ತಾರೆ. ಹಾಗಾಗಿ ಈ ಧಾರಾವಾಹಿಗಳಲ್ಲಿ ಒಂದು ಗುಂಡು ಹಾರಿದರೂ ಅದು ದೊಡ್ಡ ಘಟನೆ.

ಇನ್ನು ದರ್ಜೆ. ನಮ್ಮಲ್ಲಿ ಐಪಿಎಸ್ ಆದವರು ನೇರವಾಗಿ ಮೇಲಿನ ಹುದ್ದೆಗೆ ಬರುತ್ತಾರೆ. ಪಿಎಸ್‌ಐ ನೇಮಕಾತಿಯೂ ಬೇರೆಯೇ. ಅಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಎಲ್ಲರೂ ಕಾನ್‌ಸ್ಟೇಬಲ್ ಆಗಿಯೇ ಶುರು ಮಾಡಬೇಕು. ಆಮೇಲೆ ಸಾರ್ಜೆಂಟ್, ಇನ್‌ಸ್ಪೆಕ್ಟರ್, ಚೀಫ್ ಇನ್‌ಸ್ಪೆಕ್ಟರ್, ಸೂಪರಿಂಟೆಂಡೆಂಟ್. ಹುದ್ದೆಯ ಮುಂದೆ ‘ಡಿಟೆಕ್ಟಿವ್’ ಅಂತ ಸೇರಿದರೆ ಅವರು ಮಫ್ತಿಯಲ್ಲಿ ತನಿಖೆ ಮಾಡುವವರು. ಡಿಐ, ಡಿಸಿಐ ಅಂತ ಪದೇ ಪದೇ ಕೇಳುವುದು ಇದನ್ನೇ. ಸಮವಸ್ತ್ರದವರು ಮತ್ತು ಮಫ್ತಿಯವರ ನಡುವಿನ ಕಿರಿಕಿರಿ ಈ ಕಥೆಗಳಲ್ಲಿ ಉದ್ದಕ್ಕೂ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಿಚಾರಣೆಯ ಕೋಣೆ. ನಮ್ಮ ಕಾನೂನಿನಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತಿದ್ದದ್ದು ಇದನ್ನೇ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಅಲ್ಲಿ ಪೊಲೀಸರ ಎದುರು, ವಕೀಲರ ಪಕ್ಕದಲ್ಲಿ ಕೂತು, ರೆಕಾರ್ಡರ್ ಓಡುತ್ತಿರುವಾಗ ಆಡಿದ ಮಾತು ಕೋರ್ಟಿಗೆ ಹೋಗುತ್ತದೆ. ಒಂದು ಮೇಜು, ನಾಲ್ಕು ಕುರ್ಚಿ ಇಟ್ಟು ಹದಿನೈದು ಇಪ್ಪತ್ತು ನಿಮಿಷ ಬರೀ ಮಾತಿನಲ್ಲೇ ದೃಶ್ಯ ಓಡಿಸುವ ಧೈರ್ಯ ಅವರಿಗೆ ಬಂದದ್ದು ಇದರಿಂದ. ಆ ಮೇಜಿನ ಮುಂದೆ ಒಬ್ಬ ಮನುಷ್ಯನ ಇಡೀ ಬದುಕು ತೀರ್ಮಾನ ಆಗಬಹುದು.

ಬಂಧಿಸುವಾಗ ಪೊಲೀಸರು ಹೇಳುವ ಎಚ್ಚರಿಕೆಯ ಮಾತನ್ನೂ ಕಿವಿಗೊಟ್ಟು ಕೇಳಿ. ಮೊದಲು ಅದು ಇಷ್ಟೇ ಇತ್ತು: ನೀವು ಏನೂ ಹೇಳಬೇಕಾಗಿಲ್ಲ, ಹೇಳಿದ್ದು ಸಾಕ್ಷ್ಯ ಆಗಬಹುದು. 1995ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ಎಳೆ ಸೇರಿತು. ಈಗ ಬಾಯಿ ಮುಚ್ಚಿಕೊಂಡಿದ್ದು ಮುಂದೆ ಕೋರ್ಟಿನಲ್ಲಿ ಹೊಸದಾಗಿ ಏನಾದರೂ ಹೇಳಿದರೆ ನಿಮ್ಮ ವಾದಕ್ಕೆ ಪೆಟ್ಟು ಬೀಳಬಹುದು ಅಂತ. ಹಳೆಯ ಕಂತಿನಲ್ಲಿ ಈ ಸಾಲು ಇರುವುದಿಲ್ಲ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಕಂತಿಗೂ ಇವಿಷ್ಟನ್ನು ಬರೆದರೆ ಸಾಕು. ಕ್ಯಾಮರಾ ಯಾರ ಹಿಂದೆ ಓಡಾಡುತ್ತಿದೆ? ಪೊಲೀಸ್ ನಿಯಮ ಮುರಿದಾಗ ಕಥೆ ಅವನನ್ನು ಗೆಲ್ಲಿಸುತ್ತದೋ, ಸೋಲಿಸುತ್ತದೋ? ಸತ್ತವರಿಗೆ ಒಂದು ಬದುಕು ಇತ್ತು ಅಂತ ಕಥೆಗೆ ನೆನಪಿದೆಯಾ? ಆ ಠಾಣೆಯಲ್ಲಿ ಯಾರು ಇಲ್ಲವೇ ಇಲ್ಲ?

ಎರಡನೇ ಹೆಜ್ಜೆ: ಡಿಕ್ಸನ್ ಒಂದೇ ಕಂತು, ಝೆಡ್ ಕಾರ್ಸ್ ಒಂದೆರಡು

1950ರಲ್ಲಿ ‘ದಿ ಬ್ಲೂ ಲ್ಯಾಂಪ್’ ಅಂತ ಒಂದು ಸಿನಿಮಾ ಬಂತು. ಅದರಲ್ಲಿ ಜಾರ್ಜ್ ಡಿಕ್ಸನ್ ಅನ್ನುವ ವಯಸ್ಸಾದ ಕಾನ್‌ಸ್ಟೇಬಲ್‌ನನ್ನು ಒಬ್ಬ ಯುವಕ ಗುಂಡಿಟ್ಟು ಕೊಲ್ಲುತ್ತಾನೆ. ಜನರಿಗೆ ಆ ಪಾತ್ರ ಎಷ್ಟು ಹಿಡಿಸಿತು ಅಂದರೆ ಐದು ವರ್ಷದ ನಂತರ ಬಿಬಿಸಿ ಸತ್ತ ಡಿಕ್ಸನ್‌ನನ್ನು ಬದುಕಿಸಿಕೊಂಡು ‘ಡಿಕ್ಸನ್ ಆಫ್ ಡಾಕ್ ಗ್ರೀನ್’ ಶುರು ಮಾಡಿತು. ಬರೆದವರು ಟೆಡ್ ವಿಲ್ಲಿಸ್. ನಟ ಜ್ಯಾಕ್ ವಾರ್ನರ್. ಶನಿವಾರ ಸಂಜೆ ಡಿಕ್ಸನ್ ಠಾಣೆಯ ಮುಂದೆ ನಿಂತು ನೇರವಾಗಿ ನೋಡುಗರಿಗೆ ವಂದಿಸುತ್ತಿದ್ದ. ಕೊನೆಯಲ್ಲಿ ಮತ್ತೆ ಬಂದು ಎರಡು ಬುದ್ಧಿಮಾತು ಹೇಳುತ್ತಿದ್ದ. 1976ರಲ್ಲಿ ಧಾರಾವಾಹಿ ನಿಂತಾಗ ವಾರ್ನರ್ ಅವರಿಗೆ 80 ವರ್ಷ.

ನಾನೂರಕ್ಕೂ ಹೆಚ್ಚು ಕಂತು ಬಂದರೂ ಇವತ್ತು ಪೂರ್ತಿಯಾಗಿ ಉಳಿದಿರುವುದು ಮೂವತ್ತರ ಆಸುಪಾಸು ಮಾತ್ರ. ಆ ಕಾಲದಲ್ಲಿ ಎಷ್ಟೋ ಕಂತುಗಳು ನೇರ ಪ್ರಸಾರ ಆಗುತ್ತಿದ್ದವು. ಮುದ್ರಿಸಿದ್ದನ್ನೂ ಆಮೇಲೆ ಅಳಿಸಿದರು. ಸಿಕ್ಕಿದ ಒಂದನ್ನು ನೋಡಿ. ನಿಧಾನ ಅನ್ನಿಸುತ್ತದೆ. ಆದರೂ ಪೂರ್ತಿ ನೋಡಿ. ಎರಡನೇ ಮಹಾಯುದ್ಧ ಮುಗಿಸಿ, ರೇಷನ್ ಕಾಲ ದಾಟಿ ಬಂದ ಒಂದು ಸಮಾಜ ತನಗೆ ಎಂಥ ಪೊಲೀಸ್ ಬೇಕಿತ್ತು ಅಂತ ಇಲ್ಲಿ ಹೇಳಿಕೊಂಡಿದೆ. ಬೀದಿಯ ಪ್ರತಿ ಮನೆ ಗೊತ್ತಿರುವ, ಹುಡುಗರನ್ನು ಗದರಿಸಿ ಮನೆಗೆ ಕಳಿಸುವ ಹಿರಿಯ. ಮುಂದೆ ಬಂದ ಪ್ರತಿಯೊಂದು ಧಾರಾವಾಹಿಯೂ ಈ ಹಿರಿಯನ ಜೊತೆ ಜಗಳ ಆಡಿದೆ. ಅದಕ್ಕೇ ಅವನ ಪರಿಚಯ ಬೇಕು.

ಮೊದಲ ಜಗಳ 1962ರ ಜನವರಿ 2ರಂದು ಶುರುವಾಯಿತು. ಅವತ್ತು ಬಿಬಿಸಿಯಲ್ಲಿ ‘ಝೆಡ್ ಕಾರ್ಸ್’ ಮೊದಲ ಕಂತು ಬಂತು. ಬರೆದವರು ಟ್ರಾಯ್ ಕೆನಡಿ ಮಾರ್ಟಿನ್. ಕಥೆ ನಡೆಯುವ ನ್ಯೂಟೌನ್‌ಗೆ ಮಾದರಿ ಲಿವರ್‌ಪೂಲ್ ಪಕ್ಕದ ಕರ್ಕ್‌ಬಿ. ಹಳೆಯ ಕೊಳೆಗೇರಿಗಳನ್ನು ಕೆಡವಿ ಅಲ್ಲಿನ ಜನರನ್ನು ಹೊಸ ಬಡಾವಣೆಗೆ ತಂದು ಹಾಕಿದ ಊರು. ಯಾರಿಗೂ ಯಾರ ಗುರುತೂ ಇಲ್ಲ. ಪೊಲೀಸರು ಬೀಟ್ ನಡೆಯುವುದನ್ನು ಬಿಟ್ಟು ಫೋರ್ಡ್ ಝೆಫರ್ ಕಾರಿನಲ್ಲಿ ಗಸ್ತು ತಿರುಗುತ್ತಾರೆ. ಡಿಕ್ಸನ್ ನಡೆದು ಹೋಗುವಾಗ ಜನ ಮಾತಾಡಿಸುತ್ತಿದ್ದರು. ಕಾರಿನಲ್ಲಿ ಇರುವವರನ್ನು ಮಾತಾಡಿಸೋದು ಹೇಗೆ?

ಮೊದಲ ಕಂತಿನಲ್ಲಿ ಒಬ್ಬ ಕಾನ್‌ಸ್ಟೇಬಲ್‌ನ ಹೆಂಡತಿಯ ಕಣ್ಣು ಕಪ್ಪಗಾಗಿದೆ. ಹೊಡೆದದ್ದು ಅವನೇ. ಈ ಒಂದು ದೃಶ್ಯಕ್ಕೆ ಲ್ಯಾಂಕಷೈರ್ ಪೊಲೀಸ್ ಮುಖ್ಯಸ್ಥರು ಬಿಬಿಸಿಗೆ ಪ್ರತಿಭಟನೆ ಸಲ್ಲಿಸಿದರು. ಪೊಲೀಸ್ ಕೂಡ ಮನೆಗೆ ಹೋಗಿ ಹೆಂಡತಿಗೆ ಹೊಡೆಯಬಹುದು ಅನ್ನುವುದನ್ನು ತೋರಿಸಿದ್ದೇ ಅವತ್ತಿಗೆ ದೊಡ್ಡ ವಿಷಯ. ಪೊಲೀಸ್ ವ್ಯವಸ್ಥೆ ಹೇಗಿರಬೇಕು ಅಂತ ವಿಚಾರಿಸಲು ಸರ್ಕಾರವೇ ನೇಮಿಸಿದ್ದ ರಾಯಲ್ ಕಮಿಷನ್ ಅದೇ ವರ್ಷ ವರದಿ ಕೊಟ್ಟಿತು ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಮೂರನೇ ಹೆಜ್ಜೆ: ‘ದಿ ಸ್ವೀನಿ’ ಮತ್ತು ‘ಲಾ ಆ್ಯಂಡ್ ಆರ್ಡರ್’ ಜೊತೆಯಾಗಿ ನೋಡಿ

‘ದಿ ಸ್ವೀನಿ’ ಖಾಸಗಿ ವಾಹಿನಿ ಐಟಿವಿಯಲ್ಲಿ ಬಂದದ್ದು 1975ರಿಂದ 1978ರವರೆಗೆ. ಇದನ್ನು ಹುಟ್ಟುಹಾಕಿದವರು ಇಯಾನ್ ಕೆನಡಿ ಮಾರ್ಟಿನ್, ಝೆಡ್ ಕಾರ್ಸ್ ಬರೆದ ಟ್ರಾಯ್ ಅವರ ಸ್ವಂತ ತಮ್ಮ. ಸ್ಟುಡಿಯೊ ಬಿಟ್ಟು 16 ಎಂಎಂ ಫಿಲ್ಮ್ ಕ್ಯಾಮರಾ ಹಿಡಿದು ಲಂಡನ್ ಬೀದಿಗೆ ಇಳಿದರು. ಪಾಳು ಬಿದ್ದ ಗೋದಾಮು, ಖಾಲಿ ಹಡಗುಕಟ್ಟೆ, ಕೆಸರು, ಕಾರು ಬೆನ್ನಟ್ಟುವುದು. ಲಂಡನ್ ಪೊಲೀಸರ ದರೋಡೆ ನಿಗ್ರಹ ದಳವಾದ ಫ್ಲೈಯಿಂಗ್ ಸ್ಕ್ವಾಡ್‌ನ ಜ್ಯಾಕ್ ರೀಗನ್ ಆಗಿ ಜಾನ್ ಥಾ, ಜೊತೆಗಾರ ಕಾರ್ಟರ್ ಆಗಿ ಡೆನಿಸ್ ವಾಟರ್‌ಮನ್. ರೀಗನ್ ಕುಡಿಯುತ್ತಾನೆ, ಹೊಡೆಯುತ್ತಾನೆ, ಮೇಲಧಿಕಾರಿಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ನೋಡುವಾಗ ನಾವು ಅವನ ಪಕ್ಷ. ನಿಯಮ ಅನ್ನುವುದು ಕಚೇರಿಯಲ್ಲಿ ಕೂತವರ ಕಾಟ ಅಂತ ನಮಗೂ ಅನ್ನಿಸಲು ಶುರುವಾಗುತ್ತದೆ.

ಇಲ್ಲಿ ನಿಲ್ಲಿಸಿ, ಆ ವರ್ಷಗಳ ಸುದ್ದಿ ನೋಡಿ. 1972ರಲ್ಲಿ ರಾಬರ್ಟ್ ಮಾರ್ಕ್ ಲಂಡನ್ ಪೊಲೀಸ್ ಕಮಿಷನರ್ ಆಗಿ ಬಂದು ಇಲಾಖೆಯೊಳಗಿನ ಲಂಚಕೋರರನ್ನು ಹಿಡಿಯಲು ಎ10 ಅನ್ನುವ ಪ್ರತ್ಯೇಕ ವಿಭಾಗ ಮಾಡಿದರು. ಫ್ಲೈಯಿಂಗ್ ಸ್ಕ್ವಾಡ್‌ನ ಮುಖ್ಯಸ್ಥನಾಗಿದ್ದ ಕೆನೆತ್ ಡ್ರೂರಿ 1977ರಲ್ಲಿ ಜೈಲಿಗೆ ಹೋದ. ಲಂಡನ್‌ನ ಸೋಹೊ ಬಡಾವಣೆಯ ಅಶ್ಲೀಲ ಪುಸ್ತಕ ದಂಧೆಯವನಿಂದ ಲಂಚ ಪಡೆದ ಆರೋಪ ಸಾಬೀತಾಗಿತ್ತು. ಅಂದರೆ ರೀಗನ್ ಕೆಲಸ ಮಾಡುತ್ತಿದ್ದ ಅದೇ ದಳದ ನಿಜವಾದ ಮುಖ್ಯಸ್ಥ ಜೈಲು ಸೇರುವಾಗ, ಟಿವಿಯಲ್ಲಿ ರೀಗನ್ ಜನರ ಹೀರೊ ಆಗಿದ್ದ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಕಂತು ನೋಡಿ. ರೀಗನ್ ತಾನು ಲಂಚ ಮುಟ್ಟುವವನಲ್ಲ ಅಂತ ತೋರಿಸಿಕೊಳ್ಳುವ ಜಾಗಗಳು ಕಣ್ಣಿಗೆ ಹೊಡೆಯುತ್ತವೆ.

ತಕ್ಷಣ 1978ರ ‘ಲಾ ಆ್ಯಂಡ್ ಆರ್ಡರ್’ಗೆ ಹೋಗಿ. ಅಮೆರಿಕದ ಅದೇ ಹೆಸರಿನ ಧಾರಾವಾಹಿಗೂ ಇದಕ್ಕೂ ಸಂಬಂಧ ಇಲ್ಲ, ಹುಡುಕುವಾಗ ಜಿ. ಎಫ್. ನ್ಯೂಮನ್ ಹೆಸರು ಸೇರಿಸಿ. ನಾಲ್ಕೇ ಭಾಗ. ಒಂದೇ ಪ್ರಕರಣವನ್ನು ಮೊದಲು ಪತ್ತೇದಾರನ ಕಡೆಯಿಂದ, ಆಮೇಲೆ ಕಳ್ಳನ, ವಕೀಲನ, ಕೊನೆಗೆ ಕೈದಿಯ ಕಡೆಯಿಂದ ಹೇಳುತ್ತಾರೆ. ಪತ್ತೇದಾರ ಸುಳ್ಳು ಸಾಕ್ಷ್ಯ ಹೆಣೆಯುತ್ತಾನೆ. ಹಿನ್ನೆಲೆ ಸಂಗೀತದ ಅಬ್ಬರ ಇಲ್ಲ, ಬೆನ್ನಟ್ಟುವುದಿಲ್ಲ. ಆಫೀಸಿನಲ್ಲಿ ಫೈಲು ನೋಡುವಷ್ಟೇ ಸಹಜವಾಗಿ ಅನ್ಯಾಯ ನಡೆದು ಹೋಗುತ್ತದೆ. ಬಂದಾಗ ದೊಡ್ಡ ಗಲಾಟೆ ಆಯಿತು. ನನ್ನ ಮಟ್ಟಿಗೆ ಈ ಇಡೀ ಪರಂಪರೆಯಲ್ಲಿ ಇಷ್ಟು ನಿಷ್ಠುರವಾದ ಇನ್ನೊಂದು ಕೆಲಸ ಇಲ್ಲ. ನೋಡಿ ಮುಗಿಸಿದ ಮೇಲೆ ರೀಗನ್ ಮೊದಲಿನ ಹಾಗೆ ಕಾಣುವುದಿಲ್ಲ.

ನಾಲ್ಕನೇ ಹೆಜ್ಜೆ: ಎಂಬತ್ತರ ದಶಕವನ್ನು ಸುದ್ದಿಯ ಜೊತೆ ಓದಿ

1981ರ ಏಪ್ರಿಲ್‌ನಲ್ಲಿ ಲಂಡನ್‌ನ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಕಪ್ಪು ಯುವಕರನ್ನು ಬೀದಿಯಲ್ಲಿ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದದ್ದು ಅದರ ಹಿಂದಿನ ದೊಡ್ಡ ಕಾರಣ. ಆ ಗಲಭೆಯನ್ನು ವಿಚಾರಿಸಿದ ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್ ಅವರ ವರದಿ ಬಂತು. 1984ರಲ್ಲಿ ಹೊಸ ಕಾಯ್ದೆ ಬಂತು, 1986ರಿಂದ ಜಾರಿ. ಅದನ್ನು ಎಲ್ಲರೂ ‘ಪೇಸ್’ ಅನ್ನುತ್ತಾರೆ. ಆರೋಪಿಯನ್ನು ಎಷ್ಟು ಗಂಟೆ ಇಟ್ಟುಕೊಳ್ಳಬಹುದು, ವಿಚಾರಣೆ ಹೇಗೆ ದಾಖಲಾಗಬೇಕು, ವಕೀಲರನ್ನು ಯಾವಾಗ ಕರೆಸಬೇಕು ಎಲ್ಲ ಅದರಲ್ಲಿದೆ. ತನಿಖೆಗೆ ಸಂಬಂಧವೇ ಇಲ್ಲದ ಒಬ್ಬ ಸಾರ್ಜೆಂಟ್ ಲಾಕಪ್‌ನ ಹೊಣೆ ಹೊರಬೇಕು ಅನ್ನುವುದೂ ಅಲ್ಲಿಂದಲೇ. ಮಾಮೂಲಿ ಪ್ರಕರಣದಲ್ಲಿ 24 ಗಂಟೆ, ಗಂಭೀರ ಅಪರಾಧಕ್ಕೆ ಮೇಲಧಿಕಾರಿ ಒಪ್ಪಿದರೆ 36, ಮ್ಯಾಜಿಸ್ಟ್ರೇಟ್ ಒಪ್ಪಿದರೆ ಗರಿಷ್ಠ 96. ನೀವು ಇವತ್ತು ನೋಡುವ ಎಲ್ಲ ಧಾರಾವಾಹಿಗಳಲ್ಲಿ ಗಡಿಯಾರ ನೋಡಿಕೊಂಡು ಒದ್ದಾಡುವ ಅಧಿಕಾರಿಗಳು ಇದರ ಮಕ್ಕಳು.

‘ದಿ ಬಿಲ್’ ಹುಟ್ಟಿದ್ದು ಈ ನಡುವೆಯೇ. 1983ರಲ್ಲಿ ಒಂದು ಪ್ರಾಯೋಗಿಕ ನಾಟಕ, 1984ರಿಂದ ಧಾರಾವಾಹಿ, 2010ರ ಆಗಸ್ಟ್‌ನಲ್ಲಿ ಕೊನೆ. ಸನ್ ಹಿಲ್ ಅನ್ನುವ ಕಲ್ಪಿತ ಠಾಣೆ. ಅದರ ಮೊದಲ ವರ್ಷಗಳಲ್ಲಿ ಪೊಲೀಸರು ಇಲ್ಲದ ದೃಶ್ಯವೇ ಇರಬಾರದು ಅನ್ನುವ ನಿಯಮ ಇತ್ತು. ನಿಮ್ಮ ನೋಟ್‌ಬುಕ್ಕಿನ ಮೊದಲ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಬೇರೆ ಎಲ್ಲೂ ಸಿಗುವುದಿಲ್ಲ. ಠಾಣೆಗೆ ಬಂದ ಜನರ ಮನೆಯೊಳಗೆ ನಾವು ಪೊಲೀಸರ ಜೊತೆ ಮಾತ್ರ ಹೋಗುತ್ತೇವೆ, ಅವರ ಜೊತೆಯೇ ಹೊರಗೆ ಬರುತ್ತೇವೆ. ಎಂಬತ್ತರ ದಶಕದ ಕಂತುಗಳಲ್ಲಿ ನಾಲ್ಕೈದು ನೋಡಿ. ಕೊನೆಯ ವರ್ಷಗಳದ್ದನ್ನು ಬಿಟ್ಟರೂ ನಡೆಯುತ್ತದೆ.

ಈ ದಶಕದಲ್ಲಿ ಒಂದು ಸಾಕ್ಷ್ಯಚಿತ್ರವನ್ನೂ ಸೇರಿಸಿಕೊಳ್ಳಿ. ರೋಜರ್ ಗ್ರೇಫ್ ಅವರು ಥೇಮ್ಸ್ ವ್ಯಾಲಿ ಪೊಲೀಸರ ಬಗ್ಗೆ ಮಾಡಿದ ‘ಪೊಲೀಸ್’ 1982ರಲ್ಲಿ ಬಿಬಿಸಿಯಲ್ಲಿ ಬಂತು. ಅದರ ಒಂದು ಕಂತಿನಲ್ಲಿ ಅತ್ಯಾಚಾರದ ದೂರು ಕೊಡಲು ಬಂದ ಹೆಣ್ಣುಮಗಳನ್ನು ಗಂಡು ಅಧಿಕಾರಿಗಳು ಗದರಿಸಿ, ಅವಳದ್ದೇ ತಪ್ಪು ಅನ್ನುವಂತೆ ಮಾತಾಡುತ್ತಾರೆ. ಕ್ಯಾಮರಾ ಮುಂದೆಯೇ. ದೇಶ ಸಿಟ್ಟಾಯಿತು. ಅಂಥ ದೂರುಗಳನ್ನು ಕೇಳುವ ವಿಧಾನವೇ ಬದಲಾಯಿತು. ನೋಡುವುದು ಸುಲಭ ಅಲ್ಲ. ಆದರೆ ಮುಂದಿನ ಹೆಜ್ಜೆಗೆ ಇದು ಬೇಕೇ ಬೇಕು.

ಐದನೇ ಹೆಜ್ಜೆ: ‘ಪ್ರೈಮ್ ಸಸ್ಪೆಕ್ಟ್’ಗೆ ಜಾಸ್ತಿ ಸಮಯ ಕೊಡಿ

ಇಡೀ ಪಟ್ಟಿಯಲ್ಲಿ ಒಂದನ್ನೇ ನೋಡುತ್ತೇನೆ ಅನ್ನುವವರಿಗೆ ನಾನು ಹೇಳುವುದು 1991ರ ‘ಪ್ರೈಮ್ ಸಸ್ಪೆಕ್ಟ್’ ಮೊದಲ ಭಾಗ.

ಹೆಂಗಸರು ಮುಖ್ಯ ಪಾತ್ರದಲ್ಲಿ ಇದ್ದ ಧಾರಾವಾಹಿಗಳು ಮೊದಲೂ ಇದ್ದವು. 1980ರಲ್ಲೇ ‘ದಿ ಜಂಟಲ್ ಟಚ್’ ಮತ್ತು ‘ಜೂಲಿಯೆಟ್ ಬ್ರಾವೊ’ ಬಂದಿದ್ದವು. 1975ರ ಲಿಂಗ ತಾರತಮ್ಯ ತಡೆ ಕಾಯ್ದೆ ಬಂದು, ಅದುವರೆಗೆ ಬೇರೆಯಾಗಿದ್ದ ಮಹಿಳಾ ಪೊಲೀಸ್ ವಿಭಾಗಗಳು ಮುಖ್ಯ ಪಡೆಯಲ್ಲಿ ಸೇರಿಹೋದ ನಂತರದ ಕಥೆಗಳು ಅವು. ಒಳ್ಳೆಯ ಧಾರಾವಾಹಿಗಳೇ. ಲಿಂಡಾ ಲಾ ಪ್ಲಾಂಟ್ ಬರೆದದ್ದರ ಹರಿತವೇ ಬೇರೆ. ಅವರು ಲಂಡನ್ ಪೊಲೀಸ್‌ನಲ್ಲಿ ಡಿಸಿಐ ಆಗಿದ್ದ ಜ್ಯಾಕಿ ಮಾಲ್ಟನ್ ಅವರ ಜೊತೆ ಕೂತು, ಅವರ ಅನುಭವ ಕೇಳಿ ಬರೆದರು. ಆಗ ಆ ಹುದ್ದೆಯಲ್ಲಿ ಇದ್ದ ಹೆಂಗಸರು ಬೆರಳೆಣಿಕೆಯಷ್ಟು.

ಡಿಸಿಐ ಜೇನ್ ಟೆನಿಸನ್ ಆಗಿ ಹೆಲೆನ್ ಮಿರೆನ್. ಕೊಲೆ ತನಿಖೆ ಕೊಡಿ ಅಂತ ಅವಳು ಕೇಳುತ್ತಲೇ ಇದ್ದಾಳೆ, ಸಿಗುವುದಿಲ್ಲ. ತನಿಖೆ ನಡೆಸುತ್ತಿದ್ದ ಅಧಿಕಾರಿ ಹೃದಯಾಘಾತದಿಂದ ಸತ್ತ ಮೇಲೆ ಆ ಕೇಸು ಅವಳ ಕೈಗೆ ಬರುತ್ತದೆ. ತಂಡ ಪೂರ್ತಿ ಸತ್ತವನ ಕಡೆ. ಸಾರ್ಜೆಂಟ್ ಓಟ್ಲಿ ಅವಳ ಕಾಲು ಎಳೆಯಲು ಕಾಯುತ್ತಿದ್ದಾನೆ.

ಇದನ್ನು ಎರಡು ಸಲ ನೋಡಿ. ಮೊದಲ ಸಲ ಕಥೆಗೆ. ಎರಡನೇ ಸಲ ಕೋಣೆಯನ್ನು ನೋಡಿ. ಟೆನಿಸನ್ ಒಳಗೆ ಬಂದಾಗ ಯಾರು ಮಾತು ನಿಲ್ಲಿಸುತ್ತಾರೆ, ಯಾರು ಬೆನ್ನು ತಿರುಗಿಸುತ್ತಾರೆ. ಕ್ಯಾಮರಾ ಎಷ್ಟು ಸಲ ಅವಳನ್ನು ಗಂಡಸರ ಭುಜಗಳ ನಡುವಿನ ಸಣ್ಣ ಜಾಗದಲ್ಲಿ ಇಟ್ಟು ತೋರಿಸುತ್ತದೆ. ಮನೆಯಲ್ಲಿ ಅವಳ ಜೊತೆಗಾರ ಊಟದ ವಿಷಯಕ್ಕೆ ಏನು ಅನ್ನುತ್ತಾನೆ. ಇನ್ನೊಂದು ಸಂಗತಿ ಇದೆ, ನನಗೆ ತುಂಬ ಮುಖ್ಯ ಅನ್ನಿಸುವುದು ಅದೇ. ಶುರುವಿನಲ್ಲಿ ಸತ್ತ ಹುಡುಗಿಯನ್ನು ಗಂಡು ಅಧಿಕಾರಿಗಳು ಬೇರೆ ಯಾರೋ ಅಂತ ತಪ್ಪಾಗಿ ಗುರುತಿಸಿರುತ್ತಾರೆ. ವೇಶ್ಯೆ ಅಂದುಕೊಂಡ ಮೇಲೆ ಮುಂದೆ ನೋಡುವ ಗೋಜಿಗೇ ಹೋಗಿಲ್ಲ. ಟೆನಿಸನ್ ಬಟ್ಟೆ, ಚಪ್ಪಲಿ ಅಳತೆ ಎಲ್ಲ ನೋಡಿ ತಪ್ಪು ಹಿಡಿಯುತ್ತಾಳೆ. ಸತ್ತವಳಿಗೂ ಒಂದು ಬದುಕು ಇತ್ತು ಅಂತ ತಿಳಿದವಳಿಗೆ ಮಾತ್ರ ಕೇಸು ಬಿಡಿಸಲು ಆಗುತ್ತದೆ. ಹೆಣ್ಣನ್ನು ಅಧಿಕಾರದಲ್ಲಿ ಕೂರಿಸಿದ್ದಷ್ಟೇ ಆಗಿದ್ದರೆ ಇದು ಸುಮ್ನೆ ಒಂದು ಬದಲಾವಣೆ ಆಗುತ್ತಿತ್ತು. ತನಿಖೆ ಅಂದರೆ ಏನು ಅನ್ನುವುದನ್ನೇ ಇದು ಬದಲಾಯಿಸಿತು.

ಅವಳನ್ನು ದೇವತೆಯನ್ನಾಗಿಯೂ ಮಾಡಿಲ್ಲ. ಅವಳಿಗೆ ಮಹತ್ವಾಕಾಂಕ್ಷೆ ಇದೆ, ಒರಟುತನ ಇದೆ, ಜನರನ್ನು ಬಳಸಿಕೊಳ್ಳುತ್ತಾಳೆ. ಎರಡನೇ ಭಾಗ ಜನಾಂಗ ದ್ವೇಷದ ಬಗ್ಗೆ. ಮೂರನೆಯದು ಮಕ್ಕಳ ಮೇಲಿನ ದೌರ್ಜನ್ಯ, ಅದನ್ನು ಮುಚ್ಚಿಡಲು ನೋಡುವ ದೊಡ್ಡವರ ಬಗ್ಗೆ. ಸಮಯ ಇದ್ದರೆ ನೇರವಾಗಿ 2006ರ ಕೊನೆಯ ಭಾಗಕ್ಕೆ ಹೋಗಿ. ಗೆದ್ದ ಹೆಣ್ಣು ಕುಡಿತಕ್ಕೆ ಬಿದ್ದು, ನಿವೃತ್ತಿಯ ದಿನ ಒಂಟಿಯಾಗಿ ಹೊರಟು ಹೋಗುತ್ತಾಳೆ. ಆ ಠಾಣೆ ಅವಳಿಂದ ಏನು ಕಿತ್ತುಕೊಂಡಿತು ಅಂತ ಲೆಕ್ಕ ಹಾಕಲು ಹದಿನೈದು ವರ್ಷ ಬೇಕಾಯಿತು.

ಆರನೇ ಹೆಜ್ಜೆ: ನೆಮ್ಮದಿಯ ಕಥೆಗಳು, ನೆಮ್ಮದಿ ಕೆಡಿಸುವ ಕಥೆಗಳು

ಇದೇ ಹೊತ್ತಿಗೆ ‘ಇನ್‌ಸ್ಪೆಕ್ಟರ್ ಮೋರ್ಸ್’ ನಡೆಯುತ್ತಿತ್ತು. 1987ರಿಂದ 2000ದವರೆಗೆ 33 ಕಂತು. ಆಕ್ಸ್‌ಫರ್ಡ್, ಹಳೆಯ ಕೆಂಪು ಜಾಗ್ವಾರ್, ಒಪೆರಾ. ಮೋರ್ಸ್ ಪಾತ್ರದಲ್ಲಿ ಅದೇ ಜಾನ್ ಥಾ, ‘ಸ್ವೀನಿ’ಯ ರೀಗನ್. ಬೇಕಿದ್ದರೆ ಇಬ್ಬರನ್ನೂ ಒಂದೇ ವಾರ ನೋಡಿ. ಒಬ್ಬ ನಟನ ದೇಹ, ದನಿ, ನಡಿಗೆ ಎಷ್ಟು ಬದಲಾಗಬಹುದು ಅಂತ ಬೆರಗಾಗುತ್ತದೆ. ಬಿರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ ಸುಳ್ಳು ಸಾಕ್ಷ್ಯದ ಮೇಲೆ 16 ವರ್ಷ ಜೈಲಿನಲ್ಲಿದ್ದ ಆರು ಮಂದಿ 1991ರಲ್ಲಿ ಬಿಡುಗಡೆಯಾದರು. ಅಂಥ ಕಾಲದಲ್ಲಿ ಜನ ಮೋರ್ಸ್‌ನಂಥ ಪ್ರಾಮಾಣಿಕ, ಓದಿಕೊಂಡ ಪೊಲೀಸ್‌ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅರವತ್ತರ ದಶಕದ ಯಾರ್ಕ್‌ಷೈರ್ ಹಳ್ಳಿಯಲ್ಲಿ ನಡೆಯುವ ‘ಹಾರ್ಟ್‌ಬೀಟ್’ 1992ರಿಂದ 2010ರವರೆಗೆ ಓಡಿತು. ಅದರ ಒಂದು ಕಂತು ಸಾಕು.

ನೆಮ್ಮದಿ ಕೆಡಿಸುವ ಸಾಲಿನಲ್ಲಿ, ಪೊಲೀಸರಿಗೆ ನೆರವಾಗುವ ಮನಶ್ಶಾಸ್ತ್ರಜ್ಞನ ಕಥೆ ‘ಕ್ರ್ಯಾಕರ್’ ಬಿಡಬೇಡಿ. ಜಿಮ್ಮಿ ಮೆಕ್‌ಗವರ್ನ್ 1994ರಲ್ಲಿ ಬರೆದ ‘ಟು ಬಿ ಎ ಸಮ್‌ಬಡಿ’ ಕಥೆ ನೋಡುವ ಮೊದಲು ಹಿಲ್ಸ್‌ಬರೊ ಬಗ್ಗೆ ಓದಿಕೊಳ್ಳಿ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಆ ಫುಟ್‌ಬಾಲ್ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಸತ್ತ ಲಿವರ್‌ಪೂಲ್ ಅಭಿಮಾನಿಗಳ ಸಂಖ್ಯೆ ಕೊನೆಗೆ 97 ಆಯಿತು. ಪೊಲೀಸರು ತಪ್ಪನ್ನು ಅಭಿಮಾನಿಗಳ ತಲೆಗೇ ಕಟ್ಟಿದರು. ಅವರ ಸಾವು ಕಾನೂನುಬಾಹಿರ ಅಂತ ಸಾವಿನ ವಿಚಾರಣೆಯ ಜ್ಯೂರಿ ಹೇಳಿದ್ದು 2016ರಲ್ಲಿ, 27 ವರ್ಷಗಳ ನಂತರ. ಮೆಕ್‌ಗವರ್ನ್ ಆ ಸಿಟ್ಟನ್ನು ಕೋರ್ಟಿಗಿಂತ ಬಹಳ ಮೊದಲೇ ಟಿವಿಗೆ ತಂದರು. ಕೊಲೆಗಾರನ ಬಾಯಲ್ಲಿ ಕೆಲಸಗಾರ ಗಂಡಸಿನ ಅವಮಾನದ ಮಾತು ಇಟ್ಟರು. ಅವನು ಮೊದಲು ಕೊಲ್ಲುವುದು ಒಬ್ಬ ಏಷ್ಯನ್ ಅಂಗಡಿಯವನನ್ನು, ಕೆಲವೇ ಪೆನ್ಸ್ ಚಿಲ್ಲರೆಗಾಗಿ. ಸಿಟ್ಟು ನಿಜ, ಅದು ಬಿದ್ದದ್ದು ತಪ್ಪು ಮನುಷ್ಯನ ಮೇಲೆ. ಎರಡನ್ನೂ ಒಟ್ಟಿಗೆ ಹಿಡಿದು ನೋಡುವುದು ಕಷ್ಟ.

ಗಣಿ ಕಾರ್ಮಿಕರ 1984–85ರ ಮುಷ್ಕರ, ಅದನ್ನು ಪೊಲೀಸ್ ಬಲದಿಂದ ಮುರಿದದ್ದು ಊರುಗಳಲ್ಲಿ ಉಳಿಸಿದ ಗಾಯದ ಬಗ್ಗೆ ತಿಳಿಯಬೇಕಿದ್ದರೆ 2022ರ ‘ಶೆರ್ವುಡ್’ ಇದೆ. ಜೇಮ್ಸ್ ಗ್ರಹಾಂ ತಮ್ಮದೇ ನಾಟಿಂಗ್‌ಹ್ಯಾಮ್‌ಷೈರ್ ಸೀಮೆಯ ಕಥೆ ಬರೆದಿದ್ದಾರೆ.

ಏಳನೇ ಹೆಜ್ಜೆ: ಯಾರು ಕಾಣಿಸುತ್ತಿಲ್ಲ ಅಂತ ಕೇಳಿ

ನೋಟ್‌ಬುಕ್ಕಿನ ಕೊನೆಯ ಪ್ರಶ್ನೆಯ ಸರದಿ ಈಗ. ಡಿಕ್ಸನ್ ಠಾಣೆಯಿಂದ ಮೋರ್ಸ್‌ವರೆಗೆ ಬರೆದದ್ದನ್ನು ತಿರುಗಿ ಓದಿ. ಕಪ್ಪು ಜನ, ಏಷ್ಯನ್ನರು ಹೆಚ್ಚಾಗಿ ಆರೋಪಿ, ಬಲಿಪಶು ಅಥವಾ ಅಂಗಡಿಯವರು. 1981ರಲ್ಲಿ ‘ವೋಲ್ಕಾಟ್’ ಕಪ್ಪು ಪತ್ತೇದಾರನನ್ನೂ ‘ದಿ ಚೈನೀಸ್ ಡಿಟೆಕ್ಟಿವ್’ ಚೀನೀ ಮೂಲದ ಪತ್ತೇದಾರನನ್ನೂ ನಾಯಕರನ್ನಾಗಿ ಮಾಡಿದವು. ಎರಡೂ ಹೆಚ್ಚು ಕಾಲ ಬಾಳಲಿಲ್ಲ.

1993ರ ಏಪ್ರಿಲ್ 22ರಂದು ಲಂಡನ್‌ನ ಎಲ್ಥಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿ ಹುಡುಗರ ಗುಂಪು ಇರಿದು ಕೊಂದಿತು. ಪೊಲೀಸರು ತನಿಖೆಯನ್ನು ಹಾಳು ಮಾಡಿದರು. 1999ರ ಮ್ಯಾಕ್‌ಫರ್ಸನ್ ವರದಿ ಈ ಜನಾಂಗ ದ್ವೇಷ ಒಬ್ಬಿಬ್ಬರದ್ದಲ್ಲ, ಸಂಸ್ಥೆಯೊಳಗೇ ಇದೆ ಅಂತ ಹೇಳಿತು. ಅದೇ ತಿಂಗಳು ಪಾಲ್ ಗ್ರೀನ್‌ಗ್ರಾಸ್ ನಿರ್ದೇಶನದ ‘ದಿ ಮರ್ಡರ್ ಆಫ್ ಸ್ಟೀಫನ್ ಲಾರೆನ್ಸ್’ ಐಟಿವಿಯಲ್ಲಿ ಬಂತು. ಅದರಲ್ಲಿ ಕ್ಯಾಮರಾ ಇರುವುದು ಅಪ್ಪ ಅಮ್ಮನ ಜೊತೆ. ಪೊಲೀಸರು ಮನೆಗೆ ಬಂದು ಹೋಗುವವರು, ಅಷ್ಟೇ. ‘ದಿ ಬಿಲ್’ನ ಕ್ಯಾಮರಾ ನಿಯಮವನ್ನು ನೆನಪಿಸಿಕೊಂಡು ಇದನ್ನು ನೋಡಿ.

ಇವತ್ತು ‘ಅನ್‌ಫರ್ಗಾಟನ್’ನಲ್ಲಿ ಸಂಜೀವ್ ಭಾಸ್ಕರ್ ಡಿಐ ಸನ್ನಿ ಖಾನ್ ಆಗಿ ಬರುತ್ತಾರೆ. ಅವನ ಬಣ್ಣ ಕಥೆಯ ವಿಷಯವೇ ಅಲ್ಲ. ದಶಕಗಳ ಹಿಂದಿನ ಕೊಲೆಗಳನ್ನು ಕರುಣೆಯಿಂದ ಅಗೆಯುವ ಧಾರಾವಾಹಿ ಅದು, ನನಗೆ ಬಹಳ ಇಷ್ಟ.

ಎಂಟನೇ ಹೆಜ್ಜೆ: ಪೊಲೀಸರನ್ನು ವಿಚಾರಿಸುವ ಪೊಲೀಸರು

‘ಲೈನ್ ಆಫ್ ಡ್ಯೂಟಿ’ಗೆ ಬರುವ ಮೊದಲು ಎರಡು ಚಿಕ್ಕ ನಿಲ್ದಾಣಗಳಿವೆ. ಇಲಾಖೆಯ ಒಳಗಿನ ದೂರುಗಳನ್ನು ತನಿಖೆ ಮಾಡುವ ‘ಬಿಟ್ವೀನ್ ದಿ ಲೈನ್ಸ್’, 1992ರದು. ಇನ್ನೊಂದು 2006ರ ‘ಲೈಫ್ ಆನ್ ಮಾರ್ಸ್’. ಇಂದಿನ ಮ್ಯಾಂಚೆಸ್ಟರ್ ಪೊಲೀಸ್ ಒಬ್ಬ ಅಪಘಾತವಾಗಿ ಕಣ್ಣು ಬಿಟ್ಟರೆ 1973. ಅಲ್ಲಿನ ಡಿಸಿಐ ಜೀನ್ ಹಂಟ್ ರೀಗನ್‌ನ ವಂಶದವನು. ಅವನ ಮೂಲಕ ಹಳೆಯ ಪೊಲೀಸ್ ರೀತಿಯನ್ನು ಪ್ರಶ್ನೆ ಮಾಡಿದರು, ಆದರೆ ಜನ ಅವನನ್ನೇ ಅಪ್ಪಿಕೊಂಡರು. ಇದು ನನ್ನನ್ನು ಸ್ವಲ್ಪ ಚಿಂತೆಗೆ ಹಚ್ಚುತ್ತದೆ. ನಿಯಮ ಮುರಿಯುವ ಗಟ್ಟಿಗನ ಆಸೆ ಸುಲಭವಾಗಿ ಸಾಯುವುದಿಲ್ಲ.

ಜೆಡ್ ಮರ್ಕ್ಯುರಿಯೊ ಬರೆದ ‘ಲೈನ್ ಆಫ್ ಡ್ಯೂಟಿ’ 2012ರಲ್ಲಿ ಶುರುವಾಯಿತು. ಮೊದಲ ದೃಶ್ಯದಲ್ಲೇ ಪೊಲೀಸರು ತಪ್ಪು ಮನೆಗೆ ನುಗ್ಗಿ ಒಬ್ಬ ಅಮಾಯಕನನ್ನು ಗುಂಡಿಟ್ಟು ಕೊಲ್ಲುತ್ತಾರೆ. 2005ರ ಜುಲೈ 22ರಂದು ಲಂಡನ್‌ನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಬ್ರೆಜಿಲ್‌ನ ಜೀನ್ ಚಾರ್ಲ್ಸ್ ಡಿ ಮೆನೆಜಸ್ ಅವರ ನೆನಪು ಅದರ ಹಿಂದೆ ಇದೆ. ಸುಳ್ಳು ಹೇಳಲು ಒಪ್ಪದ ಅಧಿಕಾರಿ ಸ್ಟೀವ್ ಆರ್ನಟ್ ಎಸಿ-12 ಅನ್ನುವ ಲಂಚ ನಿಗ್ರಹ ವಿಭಾಗ ಸೇರುತ್ತಾನೆ.

ಮೊದಲ ಮೂರು ಸೀಸನ್ ಬಹಳ ಗಟ್ಟಿ. ಆಮೇಲೆ ಒಗಟು ಜಾಸ್ತಿಯಾಗಿ ಸಮಾಜ ಹಿಂದೆ ಸರಿಯುತ್ತದೆ. 2021ರ ಮೇ 2ರಂದು ಬಂದ ಆರನೇ ಸೀಸನ್‌ನ ಕೊನೆಯ ಕಂತನ್ನು ಸುಮಾರು 1 ಕೋಟಿ 28 ಲಕ್ಷ ಜನ ನೋಡಿದರು, ತುಂಬ ಜನ ಬೇಸರಪಟ್ಟರು. ದೊಡ್ಡ ರಾಕ್ಷಸ ಬರುತ್ತಾನೆ ಅಂದುಕೊಂಡಿದ್ದವರಿಗೆ ಸಿಕ್ಕಿದ್ದು ತೀರಾ ಸಾಧಾರಣ ಮನುಷ್ಯ. ಯಾರು ಅಂತ ಹೇಳುವುದಿಲ್ಲ. ನನಗೆ ಆ ಕೊನೆ ಸರಿ ಅನ್ನಿಸಿತು. ಭ್ರಷ್ಟಾಚಾರ ನಡೆಯಲು ಬುದ್ಧಿವಂತ ಖಳನೇ ಬೇಕು ಅಂತೇನೂ ಇಲ್ಲ, ಅಲ್ವಾ?

ಒಂಬತ್ತನೇ ಹೆಜ್ಜೆ: ‘ಹ್ಯಾಪಿ ವ್ಯಾಲಿ’

ಮೂರು ಸೀಸನ್, 18 ಕಂತು, 2014ರಿಂದ 2023. ಪೂರ್ತಿ ನೋಡಿ. ಸ್ಯಾಲಿ ವೈನ್‌ರೈಟ್ ಬರೆದದ್ದು. ಪಶ್ಚಿಮ ಯಾರ್ಕ್‌ಷೈರ್‌ನ ಕಾಲ್ಡರ್ ಕಣಿವೆ, ಮುಚ್ಚಿದ ಬಟ್ಟೆ ಗಿರಣಿಗಳ ಊರುಗಳು, ಬೀದಿ ಬೀದಿಯಲ್ಲಿ ಮಾದಕ ವಸ್ತು. ಕ್ಯಾಥರೀನ್ ಕಾವುಡ್ ಮಧ್ಯವಯಸ್ಸಿನ ಸಾರ್ಜೆಂಟ್. ಡಿಟೆಕ್ಟಿವ್ ಕೆಲಸ ಬಿಟ್ಟು ಸಮವಸ್ತ್ರಕ್ಕೆ ವಾಪಸ್ ಬಂದವಳು. ಮಗಳನ್ನು ಕಳೆದುಕೊಂಡು ಮೊಮ್ಮಗನನ್ನು ಸಾಕುತ್ತಿದ್ದಾಳೆ. ಸಾರಾ ಲ್ಯಾಂಕಷೈರ್ ಅವರ ಅಭಿನಯಕ್ಕೆ ಹೊಗಳಿಕೆ ಸಾಲದು.

ಅವಳಿಗೂ ಡಿಕ್ಸನ್ ಹಾಗೆ ಬೀದಿಯ ಎಲ್ಲರೂ ಗೊತ್ತು. ಎಲ್ಲರ ಅಪ್ಪ ಅಮ್ಮನೂ ಗೊತ್ತು. ಆದರೆ ಡಿಕ್ಸನ್‌ಗೆ ಇದ್ದ ಊರು ಅವಳಿಗಿಲ್ಲ. ಕೆಲಸ ಇಲ್ಲ, ಸರ್ಕಾರದ ಖರ್ಚು ಕಡಿತದಿಂದ ಠಾಣೆಯಲ್ಲಿ ಜನವೂ ಇಲ್ಲ. ಹೆಂಗಸರ ಮೇಲಿನ ಹಿಂಸೆ ಇಲ್ಲಿ ಕಥೆಯ ಮಧ್ಯದಲ್ಲೇ ಇದೆ. 2021ರಲ್ಲಿ ಲಂಡನ್‌ನಲ್ಲಿ ಸೇವೆಯಲ್ಲಿದ್ದ ಪೊಲೀಸ್ ಅಧಿಕಾರಿಯೇ ತನ್ನ ಗುರುತಿನ ಚೀಟಿ ತೋರಿಸಿ ಸಾರಾ ಎವರಾರ್ಡ್ ಅವರನ್ನು ಕರೆದೊಯ್ದು ಕೊಂದ. 2023ರ ಮಾರ್ಚ್‌ನಲ್ಲಿ ಲೂಯಿಸ್ ಕೇಸಿ ವರದಿ ಲಂಡನ್ ಪೊಲೀಸ್ ಸಂಸ್ಥೆಯೊಳಗೆ ಹೆಂಗಸರ ಬಗ್ಗೆ, ಕಪ್ಪು ಜನರ ಬಗ್ಗೆ, ಸಲಿಂಗಿಗಳ ಬಗ್ಗೆ ದ್ವೇಷ ಬೇರೂರಿದೆ ಅಂದಿತು. ಕ್ಯಾಥರೀನ್‌ಳ ಕೊನೆಯ ಸೀಸನ್ ಮುಗಿದ ಮರುತಿಂಗಳೇ ಈ ವರದಿ ಬಂದದ್ದು. ಜನ ಅವಳನ್ನು ಅಷ್ಟು ನಂಬಿದ್ದು ಇಲಾಖೆಯನ್ನು ನಂಬಿದ್ದರಿಂದ ಅಲ್ಲ, ಅವಳೊಬ್ಬಳನ್ನು.

ಎಲ್ಲಿ ಸಿಗುತ್ತದೆ, ಹೇಗೆ ನೋಡಬೇಕು

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಸುಲಭ. ಬಿಬಿಸಿಯವು ಐಪ್ಲೇಯರ್‌ನಲ್ಲಿ, ಅದಕ್ಕೆ ಟಿವಿ ಲೈಸೆನ್ಸ್ ಬೇಕು. ಐಟಿವಿಯವು ಐಟಿವಿಎಕ್ಸ್‌ನಲ್ಲಿ ಜಾಹೀರಾತಿನ ಜೊತೆ ಉಚಿತ. ಭಾರತದಲ್ಲಿ ಇವು ಒಂದು ಒಟಿಟಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ವೇದಿಕೆ ಬಿಟ್ಟು ಧಾರಾವಾಹಿಯ ಹೆಸರು ಮತ್ತು ವರ್ಷ ಹಾಕಿ ಹುಡುಕಿ. ಹಳೆಯವಕ್ಕೆ ಡಿವಿಡಿ ಇದೆ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಸಂಕೋಚ ಬೇಡ. ಯಾರ್ಕ್‌ಷೈರ್, ಲಿವರ್‌ಪೂಲ್ ಮಾತು ಲಂಡನ್‌ನವರಿಗೇ ಕೆಲವೊಮ್ಮೆ ಕಷ್ಟ. ಯಾರ ಮಾತಿನ ರೀತಿ ಹೇಗಿದೆ ಅಂತಲೂ ಕೇಳಿ. ಅಲ್ಲಿ ಬಾಯಿ ತೆರೆದ ಕೂಡಲೇ ಊರು, ವರ್ಗ ಎರಡೂ ಗೊತ್ತಾಗುತ್ತದೆ. ಸಮಯ ತೀರಾ ಕಡಿಮೆ ಇದ್ದವರು ಡಿಕ್ಸನ್ ಒಂದು ಕಂತು, ಸ್ವೀನಿ ಎರಡು, ‘ಲಾ ಆ್ಯಂಡ್ ಆರ್ಡರ್’ ಮೊದಲ ಭಾಗ, ‘ಪ್ರೈಮ್ ಸಸ್ಪೆಕ್ಟ್’ ಮೊದಲ ಭಾಗ, ‘ಹ್ಯಾಪಿ ವ್ಯಾಲಿ’ ಮೊದಲ ಸೀಸನ್ ನೋಡಿದರೂ ಎಳೆ ಕೈಗೆ ಸಿಗುತ್ತದೆ.

ಕೊನೆಯ ಹೆಜ್ಜೆ: ಬೆಲ್‌ಫಾಸ್ಟ್

2023ರಲ್ಲಿ ಬಿಬಿಸಿಯಲ್ಲಿ ಶುರುವಾದ ‘ಬ್ಲೂ ಲೈಟ್ಸ್’ ಅನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಡೆಕ್ಲನ್ ಲಾನ್ ಮತ್ತು ಆ್ಯಡಂ ಪ್ಯಾಟರ್ಸನ್ ಬರೆದ ಈ ಕಥೆ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನ ಮೂವರು ಹೊಸ ಪೊಲೀಸರದ್ದು. ಇಲ್ಲಿ ಎಲ್ಲರ ಸೊಂಟದಲ್ಲೂ ಬಂದೂಕು. ಬೆಳಗ್ಗೆ ಕಾರು ಹತ್ತುವ ಮೊದಲು ಬಗ್ಗಿ ಅಡಿಯಲ್ಲಿ ಬಾಂಬ್ ಇದೆಯಾ ಅಂತ ನೋಡಬೇಕು. ಕ್ಯಾಥೊಲಿಕ್ ಮನೆತನದ ಆ್ಯನಿಗೆ ತಾನು ಪೊಲೀಸ್ ಅಂತ ತನ್ನ ಕೇರಿಯಲ್ಲಿ ಹೇಳಿಕೊಳ್ಳಲು ಆಗುವುದಿಲ್ಲ. ಹೆಚ್ಚಾಗಿ ಪ್ರಾಟೆಸ್ಟಂಟರೇ ಇದ್ದ ಹಳೆಯ ರಾಯಲ್ ಅಲ್‌ಸ್ಟರ್ ಪೊಲೀಸ್ ಪಡೆಯ ಜಾಗದಲ್ಲಿ 2001ರಲ್ಲಿ ಹೊಸ ಪೊಲೀಸ್ ಸೇವೆ ಬಂದರೂ ಅಪನಂಬಿಕೆ ಅಷ್ಟು ಬೇಗ ಹೋಗಲಿಲ್ಲ.

ನಮಗೆ ಈ ಕಥೆ ಲಂಡನ್ ಕಥೆಗಳಿಗಿಂತ ಹತ್ತಿರ. ಬ್ರಿಟಿಷರು ಭಾರತಕ್ಕೆ ಪೊಲೀಸ್ ಕಟ್ಟುವಾಗ ಪೀಲ್ ಅವರ ನಿರಾಯುಧ ಲಂಡನ್ ಪೊಲೀಸ್‌ಗಿಂತ ಬಂದೂಕು, ಬ್ಯಾರಕ್ಕು ಇದ್ದ ಐರಿಷ್ ಕಾನ್‌ಸ್ಟ್ಯಾಬ್ಯುಲರಿಯನ್ನೇ ಹೆಚ್ಚು ಅನುಸರಿಸಿದರು. 1843ರ ನಂತರ ಸಿಂಧ್‌ನಲ್ಲಿ ಚಾರ್ಲ್ಸ್ ನೇಪಿಯರ್ ಮಾಡಿದ್ದು ಅದನ್ನೇ. 1861ರ ಪೊಲೀಸ್ ಕಾಯ್ದೆಯ ಹಿಂದೆಯೂ ಆ ಮಾದರಿ ಇದೆ. ಹಾಗಾಗಿ ‘ಬ್ಲೂ ಲೈಟ್ಸ್’ ನೋಡುವಾಗ ಪೊಲೀಸ್ ಜೀಪು ಬಂದ ಕೂಡಲೇ ಬೀದಿಯ ಜನ ಬಾಗಿಲು ಹಾಕಿಕೊಳ್ಳುವ ದೃಶ್ಯಗಳಲ್ಲಿ ಸ್ವಲ್ಪ ನಿಲ್ಲಿ. ನೋಟ್‌ಬುಕ್ಕಿನ ಅದೇ ನಾಲ್ಕು ಪ್ರಶ್ನೆಗಳನ್ನು ಮೊದಲ ಸೀಸನ್‌ನ ಆರು ಕಂತಿಗೂ ಬರೆಯಿರಿ. ಐದನೆಯದಾಗಿ ಇನ್ನೊಂದು ಸೇರಿಸಿ: ಇಲ್ಲಿ ಪೊಲೀಸರಿಗೆ ಯಾರ ಭಯ, ಜನರಿಗೆ ಯಾರ ಭಯ?